ಚಾಕೊಲೇಟ್ ಹಾಕದ ಟಾಫಿ

ವೈಕುಂಠ ಸಮಾರಾಧನೆ ಮುಗಿದ ಮರುದಿನ ಬೆಳಿಗ್ಗೆ, ಪಕ್ಕದ ಮನೆಯವರ ಟ್ರೇಯಲ್ಲಿ ಕಲ್ಲಾಗಿ ಅಂಟಿದ್ದ ಟಾಫಿಯನ್ನು ಅವಳು ಲಟ್ಟಣಿಗೆಯಿಂದ ಕುಟ್ಟುತ್ತಿದ್ದಳು. ಎರಡು ವಾರದ ಹಿಂದೆ ಗಂಡ ಬೆಣ್ಣೆ, ಸಕ್ಕರೆ ಕಾಯಿಸಿ ಟ್ರೇಗೆ ಸುರಿದ ಮೇಲೆ ನೋಡಿದರೆ, ಮೇಲೆ ಹಾಕಲು ಚಾಕೊಲೇಟೇ ಇರಲಿಲ್ಲ. ಬಿಸಿ ಆರುವ ಮೊದಲೇ ಹಾಕಬೇಕೆಂದು ಅವಸರದಲ್ಲಿ ಬೈಕ್ ಹತ್ತಿದವನು ಲಾರಿಗೆ ಸಿಕ್ಕಿ ಸತ್ತ.

“ಕುಟ್ಟು, ಕುಟ್ಟಿಕೊಂಡು ತಿನ್ನು,” ಅತ್ತೆ ಬಾಗಿಲಲ್ಲಿ ನಿಂತು ಹೇಳಿದರು. “ನಿನ್ನ ನಾಲಿಗೆ ಚಪಲಕ್ಕೆ ತಾನೇ ನನ್ನ ಮಗ ಹೋಗಿದ್ದು?”

ಆಸ್ಪತ್ರೆಯಲ್ಲೂ ಇದೇ ಮಾತು, ಬಂದ ನೆಂಟರೆದುರೂ ಇದೇ ಮಾತು. ಅವಳು ರೋಷದಿಂದ ತಿರುಗಿದಳು. ಬಾಯಿಗೆ ಬಂದದ್ದನ್ನು ನುಂಗಿ, ಇನ್ನೂ ಜೋರಾಗಿ ಕುಟ್ಟಿದಳು.

“ಅಷ್ಟು ಓದಿದೋಳು, ಬಾಯಿ ಬಿದ್ದು ಹೋಯ್ತಾ?”

ಚೂರುಗಳನ್ನೆಲ್ಲ ಕಸದ ಬುಟ್ಟಿಗೆ ಸುರಿದಳು. ಟ್ರೇ ತಿಕ್ಕಿ ತೊಳೆದು, ಪಕ್ಕದ ಮನೆಯ ಬೆಲ್ ಒತ್ತಿದಳು.

ಬಾಗಿಲು ತೆರೆದ ಶಶಿಕಲಾ ಆಂಟಿ ಟ್ರೇ ನೋಡಿ ಕಣ್ಣೊರೆಸಿಕೊಂಡರು. “ಅಮ್ಮನ ಹುಟ್ಟಿದಹಬ್ಬಕ್ಕೆ ಗುಟ್ಟಾಗಿ ಮಾಡ್ತೀನಿ ಅಂತ ಇಸ್ಕೊಂಡು ಹೋಗಿದ್ದ. ತನಗೋಸ್ಕರಾನೇ ಮಾಡ್ತಿದ್ದ ಅಂತ ನಿಮ್ಮತ್ತೆಗೆ ಗೊತ್ತಾಯ್ತೇನಮ್ಮಾ?”

“ಇಲ್ಲ ಆಂಟಿ. ನೀವೂ ಹೇಳ್ಬೇಡಿ,” ಎಂದು ಅವಳು ಟ್ರೇಯನ್ನು ಅವರ ಕೈಗೆ ಕೊಟ್ಟಳು.