ಧಣಿಗಳ ಪರವಾಗಿ ಒಂದು ಮೀನು

"ನಾಳಿ ಟಿವಿಯವ್ರ ಮುಂದ ಹೊಳಿ ಮೀನು ತಿಂದು, ಹೊಳಿ ಕೆಟ್ಟಿಲ್ಲಂತ ತೋರಿಸ್ಬೇಕು. ನೀನೇ ತಿನ್ನು," ಎಂದರು ಕಾರ್ಖಾನೆಯ ಮಾಲೀಕ ಉಜ್ಜಿನಪ್ಪ.

ಮ್ಯಾನೇಜರ್ ಪಾಲಾಕ್ಷಪ್ಪ ಕೈ ಮುಗಿದ. "ಧಣೇರ, ಕಾರ್ಖಾನಿ ನಿಮ್ದು. ನೀವು ತಿಂದ್ರ ಜನ ನಂಬ್ತಾರ."

"ನಾವು ಲಿಂಗ ಕಟ್ಟಿದೋರು. ಮೀನು ಮುಟ್ತೀವೇನಪ್ಪ?"

ಅಬ್ಬಾ, ಆಚಾರವೇ! ಹಲವಾಗಲು ಊರಿನ ಹತ್ತಿರ ಹಳೇ ಬ್ಯಾಟರಿ ಕರಗಿಸಿ, ಆ ಕೊಳೆನೀರನ್ನು ಹೊಳೆಗೆ ಬಿಡುವಾಗ ಗೊರಕೆ ಹೊಡೆಯುತ್ತಿದ್ದ ಆಚಾರ, ಮೀನಿನ ಮಾತು ಬಂದೊಡನೆ ಎದ್ದು ಕೂತಿತ್ತು.

ಪಾಲಾಕ್ಷಪ್ಪನಿಗೆ ಮೀನೆಂದರೆ ಪ್ರಾಣ. ಆದರೆ ಪ್ರಾಣಕ್ಕಿಂತ ಹೆಚ್ಚಲ್ಲ. ಹೊಳೆ ಮೀನಿನ ಕಿವಿರಿನಲ್ಲಿ, ಮಾಂಸದಲ್ಲಿ ಸೀಸ ಸೇರಿದೆ, ಮರಿಗಳು ಗೂನುಬೆನ್ನಾಗುತ್ತಿವೆ ಎಂಬ ವರದಿಯನ್ನು ಬೀರುವಿನಲ್ಲಿಟ್ಟು ಬೀಗ ಜಡಿದವನು ಅವನೇ. ತಿನ್ನದಿದ್ದರೆ ಕೆಲಸ ಹೋಗುತ್ತದೆ, ತಿಂದರೆ ಜೀವವೇ ಹೋಗುತ್ತದೆ ಎಂದು ಹೆದರಿ, ಮೀನು ಹಿಡಿಯುವ ಪಕ್ಕೀರಮ್ಮನ ಗುಡಿಸಲಿಗೆ ಓಡಿದ.

"ಯಕ್ಕಾ, ನಾಳಿ ನೀನೇ ಮೀನು ಹುರಿದು ಕೊಡ್ಬೇಕು. ಆದ್ರ ಈ ಹೊಳೀದು ಬ್ಯಾಡ. ದಾವಣಗೆರೆ ಮಾರ್ಕೆಟ್‌ನಾಗ ಕೊಂಡು ತಾ. ಯಾರ ಮುಂದೂ ಬಾಯಿ ಬಿಡಬ್ಯಾಡ."

"ಯಾಕ್ರೀ ಸಾಹೇಬ್ರ? ನಮ್ಮ ಹೊಳಿಗೆ ಏನಾಗೈತ್ರಿ?" ಪಕ್ಕೀರಮ್ಮ ಬಲೆಯ ಸಿಕ್ಕು ಬಿಡಿಸುತ್ತಲೇ ಕೇಳಿದಳು.

"ಏನೂ ಆಗಿಲ್ಲ! ಹೇಳಿದಷ್ಟು ಮಾಡು. ಅಲ್ಲಾ, ಊರಾಗ ಒಂದು ನರಪಿಳ್ಳಿ ನಿನ್ನ ಮೀನು ಕೊಳ್ಳಂಗಿಲ್ಲ. ಆದ್ರೂ ದಿನಾ ಬಲಿ ಹಾಕ್ತೀಯಲ್ಲ, ಹುಚ್ಚೇನು ನಿನಗ?"

"ಹೊಟ್ಟಿ ಕೇಳಬೇಕಲ್ರೀ," ಎಂದು ಅವಳು ನಕ್ಕಳು.

ಮರುದಿನ ಹೊಳೆದಂಡೆಯಲ್ಲಿ ಕ್ಯಾಮೆರಾಗಳೋ ಕ್ಯಾಮೆರಾಗಳು. ಉಜ್ಜಿನಪ್ಪ ಮೂಗಿಗೆ ಕರವಸ್ತ್ರ ಹಿಡಿದು, ಮೀನಿನ ವಾಸನೆ ತಾಗದಷ್ಟು ದೂರ ಕೂತರು. ಪಕ್ಕೀರಮ್ಮ ಬಾಣಲೆಯಿಂದ ಎರಡು ಮೀನು ತೆಗೆದು ಬಡಿಸಿದಳು. ಪಾಲಾಕ್ಷಪ್ಪ ಮುಳ್ಳಷ್ಟೇ ಬಿಟ್ಟ. ತಲೆಯನ್ನೂ ಚೀಪಿದ. ಮತ್ತೆರಡು ಹಾಕಿಸಿಕೊಂಡ. "ನಮ್ಮ ಹೊಳಿ ಮೀನಿನ ರುಚಿ ಬ್ಯಾರೆ ಎಲ್ಲೂ ಸಿಗಂಗಿಲ್ರಿ!" ಎಂದು ಕ್ಯಾಮೆರಾ ನೋಡಿ ತೇಗಿದ. ಉಜ್ಜಿನಪ್ಪ ಕೂತಲ್ಲಿಂದಲೇ ಅವನಿಗೆ ಬಡ್ತಿ ಕೊಟ್ಟರು. ಟಿವಿಯವರು ಚಪ್ಪಾಳೆ ತಟ್ಟಿದರು.

ಎಲ್ಲರೂ ಹೋದ ಮೇಲೆ ಪಾಲಾಕ್ಷಪ್ಪ ಕೈ ತೊಳೆಯುತ್ತ ಕಣ್ಣು ಮಿಟುಕಿಸಿದ. "ಭಲೇ ಯಕ್ಕಾ! ಹೇಳಿದ ಕಡಿಯಿಂದನ ತಂದಿ ಹೌದಿಲ್ಲೋ?"

"ದೇವರಾಣಿ ರೀ. ಬಸ್ಸಿಗೆ ಹೋಗಿ, ದಾವಣಗೆರೆ ಮಾರ್ಕೆಟ್‌ನಾಗ ಕೊಂಡು ತಂದೀನ್ರಿ."

"ಎಂಥಾ ಮೀನು! ಅಲ್ಲಿಗೆ ಯಾವ ಊರಿಂದ ಬರ್ತಾವ ಇಂಥವು?"

"ನಾನೇ ಕಳಸ್ತೀನ್ರಿ ಸಾಹೇಬ್ರ, ಇಲ್ಲಿ ಯಾರೂ ಮುಟ್ಟದಂಗ ಆದಾಗಿಂದ."