ಎಡಗೈಯ ಕಚ್ಚು

ಫೋಟೊ ತೆಗೆದಷ್ಟೂ ಕಲ್ಲು ಸವೆಯುತ್ತಿತ್ತು. ಹಾಗಾಗಿ ಕಾಂಬೋಡಿಯಾದ ಹಳೆಯ ಗುಡಿಗಳಲ್ಲಿ ಒಬ್ಬರಿಗೆ ಜೀವಮಾನಕ್ಕೆ ಒಂದೇ ಫೋಟೊ. ಗೋಪುರದ ದೇವರ ಮುಖಗಳಲ್ಲಿ ಈಗಾಗಲೇ ಕಣ್ಣು ಮೂಗು ಉಳಿದಿರಲಿಲ್ಲ. ಆದರೂ ಜನರ ಸಾಲು ಅಲ್ಲೇ ಬೆಳೆದಿತ್ತು.

ಕೊಪ್ಪಳದ ಓಣಿಗಳಲ್ಲಿ ನಲವತ್ತು ವರ್ಷ ಬೀಸುಕಲ್ಲಿಗೆ ಉಳಿಯಿಂದ ಕಚ್ಚು ಹಾಕಿದ್ದ ಹುಲಿಗೆವ್ವ ಸಾಲು ಬಿಟ್ಟು ಗುಡಿಯ ಹಿಂದಕ್ಕೆ ನಡೆದಳು. ಕೆತ್ತನೆ ಅರ್ಧಕ್ಕೇ ನಿಂತಿದ್ದ ಗೋಡೆಯೊಂದನ್ನು ಅಂಗೈಯಿಂದ ಸವರಿ ನೋಡಿ, ಕ್ಯಾಮೆರಾ ಎತ್ತಿ ಒತ್ತಿಯೇಬಿಟ್ಟಳು.

ಮಗಳು ಗಾಳೆಮ್ಮ ಓಡಿ ಬಂದಳು. "ಯವ್ವಾ, ಇದ್ದದ್ದೊಂದು ಫೋಟೊ. ಬರೇ ಗೋಡಿಗೆ ಹಾಳು ಮಾಡಿದೆಲ್ಲ."

"ಬರೇ ಗೋಡಿ ಅಲ್ಲವ್ವ. ಕಚ್ಚು ಎತ್ತಾಗ ವಾಲ್ಯಾವ ನೋಡು. ಇದನ್ನ ಕೆತ್ತಿದಾಂವ ನನ್ನಂಗ ಎಡಗೈಲಿ ಸುತ್ತಿಗಿ ಹಿಡದಾಂವ."

ಆ ಗೋಡೆಯ ಫೋಟೊ ಅದುವರೆಗೆ ಯಾರೂ ತೆಗೆದಿರಲಿಲ್ಲ. ಪರದೆಯ ಮೇಲೆ ಒಂದೊಂದು ಕಚ್ಚೂ ಅಂದು ಬೆಳಿಗ್ಗೆ ಹೊಡೆದಂತೆ ಚೂಪಾಗಿತ್ತು.

ಎಡಗೈಯವಳು ಹೊಡೆದ ಕಲ್ಲಿನ ಹಿಟ್ಟು ಮನೆಗಾಗದು ಎಂದು ಎಷ್ಟೋ ಬಾಗಿಲುಗಳು ಹುಲಿಗೆವ್ವನನ್ನು ತಿರುಗಿ ಕಳಿಸಿದ್ದವು. ಅವಳು ಸೆರಗು ಸರಿಮಾಡಿಕೊಂಡು, ಫೋಟೊಕ್ಕೆ ನಿಂತವಳಂತೆ ನೆಟ್ಟಗೆ ನಿಂತಳು.

"ಇದನ್ನ ದೊಡ್ಡದು ಮಾಡಿಸಿ ಪಡಸಾಲ್ಯಾಗ ಹಾಕು. ಯಾರಾರ ಕೇಳಿದ್ರ, ನಮ್ಮ ಹಿರ್ಯಾರು ಅನ್ನು."