ಹೊಸ ಹಾಸಿಗೆಯ ಮೇಲೆ ಒಂದು ಪ್ರಶ್ನೆ

"ಚಿಕ್ಕಮ್ಮಾ, ಇವತ್ತು ಗಂಟು ಎಲ್ಲಿದೆ ಅಂತ ಕೇಳ್ಬೇಡ. ವಾಪಸ್ ಬರ್ತೀಯಾ ಅಂತ ಕೇಳು," ಎಂದು ಹೇಳಿ ಗುಬ್ಬಿ ಹೊಸ ಹಾಸಿಗೆಯ ಮೇಲೆ ಕಾಲು ಚಾಚಿದಳು.

ಹಾಸಿಗೆ ಹೊಲಿಯುವ ಚಿಕ್ಕಮ್ಮನ ಮನೆಯಲ್ಲಿ ಅದೊಂದು ಪದ್ಧತಿ. ಹೊಲಿದ ಹಾಸಿಗೆ ಗಿರಾಕಿಯ ಮನೆಗೆ ಹೋಗುವ ಮೊದಲು ಅಕ್ಕನ ಮಗಳು ಗುಬ್ಬಿ ಅದರ ಮೇಲೆ ಒಂದು ಮಧ್ಯಾಹ್ನ ನಿದ್ದೆ ಮಾಡಬೇಕು. ಚಿಕ್ಕಂದಿನಿಂದಲೂ ಅವಳಿಗೆ ನಿದ್ದೆಯಲ್ಲಿ ಮಾತಾಡುವ ಅಭ್ಯಾಸ. ಹತ್ತಿ ಎಲ್ಲಿ ಗಂಟು ಕಟ್ಟಿದೆ ಎಂದು ಚಿಕ್ಕಮ್ಮ ಕಿವಿಯ ಹತ್ತಿರ ಬಗ್ಗಿ ಕೇಳಿದರೆ, ಕಣ್ಣು ಬಿಡದೆಯೇ ಭುಜದ ಕೆಳಗೆ ಎಂದೋ ಸೊಂಟದ ಹತ್ತಿರ ಎಂದೋ ಹೇಳಿಬಿಡುತ್ತಿದ್ದಳು. ಬಿಚ್ಚಿ ನೋಡಿದರೆ ಗಂಟು ಅಲ್ಲೇ ಇರುತ್ತಿತ್ತು. ಎಚ್ಚರ ಇರುವವರು ದಾಕ್ಷಿಣ್ಯಕ್ಕೆ ಚೆನ್ನಾಗಿದೆ ಅನ್ನುತ್ತಾರೆ, ಮಲಗಿದವರಿಗೆ ಯಾವ ದಾಕ್ಷಿಣ್ಯ ಎಂಬುದು ಚಿಕ್ಕಮ್ಮನ ಕಸುಬಿನ ವೇದಾಂತ.

ಸಮುದ್ರದ ತಳದ ಮಣ್ಣಿನ ಬಗ್ಗೆ ಓದಲು ಗುಬ್ಬಿ ಹೊರದೇಶಕ್ಕೆ ಹೊರಟಿದ್ದಳು. ಕೆಸರು ನೋಡೋಕೆ ಅಷ್ಟು ದೂರ ಹೋಗಬೇಕಾ, ನಮ್ಮ ಬೀದಿಯ ಮೋರಿ ಸಾಲದಾ ಎಂದು ಚಿಕ್ಕಮ್ಮ ರೇಗಿಸಿದ್ದೂ ಉಂಟು. ಕಾಲೇಜಿನವರೇನೋ ಸೀಟು ಕೊಟ್ಟರು, ವೀಸಾದವರು ಬಾಗಿಲು ಹಾಕಿದರು. ಓದು ಮುಗಿದ ಮೇಲೆ ವಾಪಸ್ ಬರುತ್ತೀರಾ ಎಂದು ಗಾಜಿನ ಆಚೆ ಕೂತ ಅಧಿಕಾರಿ ಕೇಳಿದಾಗ ಇವಳು ಒಂದು ಕ್ಷಣ ಉಗುಳು ನುಂಗಿದ್ದಳು. ಅಷ್ಟೇ ಸಾಕಾಯಿತು. ನಾಳೆ ಮತ್ತೆ ಸಂದರ್ಶನ. ಈ ಸಲವೂ ಇಲ್ಲವೆಂದರೆ ಸೀಟೂ ಕೈತಪ್ಪುತ್ತದೆ. ಗುಬ್ಬಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಿದರೆ ಕಿವಿ ಕೆಂಪಾಗಿ ಸಿಕ್ಕಿಬೀಳುತ್ತಾಳೆ. ತನ್ನ ಮನಸ್ಸಿನಲ್ಲಿ ಏನಿದೆ ಎಂಬುದು ಮೊದಲು ಅವಳಿಗೇ ಗೊತ್ತಾಗಬೇಕಿತ್ತು.

ಪರದೆಯ ಸಂದಿನಿಂದ ಬಂದ ಬಿಸಿಲು ಗೋಡೆಗೆ ಒರಗಿ ನಿಂತಿತ್ತು. ಹಿಂಜಿದ ಹತ್ತಿಯ ಎಳೆಗಳು ಆ ಬೆಳಕಿನಲ್ಲಿ ಏಳುವುದಕ್ಕೂ ಬೀಳುವುದಕ್ಕೂ ಮನಸ್ಸಿಲ್ಲದೆ ತೇಲುತ್ತಿದ್ದವು. ಒಂದು ಎಳೆ ಗುಬ್ಬಿಯ ರೆಪ್ಪೆಯ ಮೇಲೆ ಕೂತಿತು. ಬೀದಿಯ ಗದ್ದಲ ಎಲ್ಲೋ ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ಅವಳ ಉಸಿರು ನಿಧಾನವಾಯಿತು, ಹಾಸಿಗೆಯ ಅಂಚಿನಿಂದ ಇಳಿಬಿದ್ದ ಬೆರಳುಗಳು ಏನನ್ನೋ ಮೆಲ್ಲಗೆ ತಡಕಾಡಿದವು. ನೋಡುತ್ತ ಕೂತ ಚಿಕ್ಕಮ್ಮನಿಗೂ ತೂಕಡಿಕೆ ಬಂತು.

"ವಾಪಸ್ ಬರ್ತೀಯಾ ಪುಟ್ಟಾ?"

"ಎಲ್ಲಿಗೆ?" ಗುಬ್ಬಿ ನಿದ್ದೆಯಲ್ಲೇ ಕೇಳಿದಳು.

"ಮನೆಗೆ. ನನ್ನ ಹತ್ರ."

"ಇಲ್ಲ. ಇಲ್ಲಿ ನೀರು ಎಷ್ಟು ತಿಳಿಯಾಗಿದೆ ಗೊತ್ತಾ... ನಾನು ಬರಲ್ಲ."

ಚಿಕ್ಕಮ್ಮನ ತೂಕಡಿಕೆ ಹಾರಿಹೋಯಿತು. ಅಕ್ಕ ಕಣ್ಣು ಮುಚ್ಚಿದ ಮೇಲೆ ಹೆಗಲ ಮೇಲೆ ಹಾಕಿಕೊಂಡು ಬೆಳೆಸಿದ ಮಗು ಇದು. ಸಂಕಟವಾಯಿತು, ಸಿಟ್ಟೂ ಬಂತು. ಅವುಗಳ ಹಿಂದೆಯೇ ಒಂದು ಆಸೆ ಕಳ್ಳಬೆಕ್ಕಿನಂತೆ ಒಳಗೆ ನುಸುಳಿತು. ಕೇಳಿಸಿಕೊಂಡದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು. ನಾಳೆ ಗಾಜಿನ ಮುಂದೆ ಹುಡುಗಿಯ ಕಿವಿ ಕೆಂಪಾಗುತ್ತದೆ, ಆಮೇಲೆ ಎಲ್ಲಿಗೂ ಹೋಗುವ ಪ್ರಶ್ನೆಯೇ ಇಲ್ಲ. ತನ್ನ ತಲೆಗೆ ಸುಳ್ಳಿನ ಪಾಪವೂ ಅಂಟುವುದಿಲ್ಲ. ಹಾವೂ ಸತ್ತಂತೆ, ಕೋಲೂ ಮುರಿಯದಂತೆ. ಹೀಗೆ ಲೆಕ್ಕ ಹಾಕುತ್ತಲೇ ಅವಳು ನಿದ್ದೆಯಲ್ಲಿದ್ದ ಗುಬ್ಬಿಯ ಮುಖವನ್ನು ನೋಡಿದಳು. ಆ ಮುಖದಲ್ಲಿ ಅಷ್ಟೊಂದು ಸಂತೋಷವನ್ನು ಈ ಮನೆಯ ಗೋಡೆಗಳ ಮಧ್ಯೆ ಅವಳು ಎಂದೂ ಕಂಡಿರಲಿಲ್ಲ.

ಬಿಸಿಲು ಗೋಡೆಯಿಂದ ಜಾರಿ ನೆಲಕ್ಕಿಳಿದಾಗ ಗುಬ್ಬಿ ಎದ್ದು ಕೂತಳು. ತಾನು ಏನು ಹೇಳಿದೆ ಎಂದು ಕೇಳಿದಳು. ಚಿಕ್ಕಮ್ಮ ದಬ್ಬಣಕ್ಕೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಬರ್ತೀನಿ ಅಂದೆ. ನಾನು ಪೂರ್ತಿ ಕೇಳೋಕೂ ಬಿಡ್ಲಿಲ್ಲ."

"ನಿಜವಾಗ್ಲೂ?"

"ನಿದ್ದೇಲಿ ನೀನು ಯಾವತ್ತು ತಪ್ಪು ಹೇಳಿದ್ದೀಯ ಹೇಳು?"

ಗುಬ್ಬಿಯ ಮುಖ ಅರಳಿತು. ಮರುದಿನ ಅಧಿಕಾರಿ ಅದೇ ಪ್ರಶ್ನೆ ಕೇಳಿದಾಗ ಅವಳು ಉಗುಳು ನುಂಗಲಿಲ್ಲ, ಕಿವಿಯೂ ಕೆಂಪಾಗಲಿಲ್ಲ. ಬರ್ತೀನಿ, ಇಲ್ಲಿ ನಮ್ಮ ಚಿಕ್ಕಮ್ಮ ಇದ್ದಾಳೆ ಎಂದಳಂತೆ. ಅಧಿಕಾರಿ ಮುಗುಳ್ನಕ್ಕು ಪಾಸ್‌ಪೋರ್ಟ್ ಒಳಗಿಟ್ಟುಕೊಂಡನಂತೆ.

ವೀಸಾ ಬಂದ ದಿನವೂ ಒಂದು ಹಾಸಿಗೆ ಸಿದ್ಧವಾಗಿತ್ತು. ಗುಬ್ಬಿ ಚಿಕ್ಕಮ್ಮನ ಕೈ ಹಿಡಿದು ಅದರ ಮೇಲೆ ಕೂರಿಸಿದಳು. ತಾನು ಓದಿ ಬರುವ ತನಕ ಚಿಕ್ಕಮ್ಮನೇ ಮಲಗಿ ನೋಡಬೇಕಲ್ಲ, ಇವತ್ತಿನಿಂದಲೇ ಅಭ್ಯಾಸವಾಗಲಿ, ತಾನು ಪಕ್ಕದಲ್ಲಿ ಕೂತು ವಿಚಾರಿಸುತ್ತೇನೆ ಎಂದಳು.

ಚಿಕ್ಕಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು.

"ಮಲಗ್ತೀನಿ. ಆದ್ರೆ ನಿದ್ದೇಲಿ ನನ್ನನ್ನ ಏನೂ ಕೇಳ್ಬೇಡ."